ಅವ್ವನ ಕೆನ್ನೆಯ ಬಣ್ಣ

ಹಾಲ್ಕುರಿಕೆ
೧೨ ಫೆಬ್ರವರಿ ೨೦೨೫

ನನ್ನ ಕೋಮಲಕ್ಕನಿಗೆ,

ಕೂಸು ಹಾಲು ಕುಡಿದು ಮಲಗಿರುವ ಹೊತ್ತು ನೋಡಿ ಇದನ್ನು ಓದು. ಎತ್ತಿಕೊಂಡು ಓದಬೇಡ.

ಹೋದ ವಾರ ಫೋನಿನಲ್ಲಿ ನೀನು ಒಂದೇ ಮಾತನ್ನು ಮೂರು ಸಲ ಕೇಳಿದೆ. ಸಾಯುವ ಹಿಂದಿನ ದಿನವೂ ಕೆಂಪಗೆ, ಗುಂಡಗೆ ಕಂಡ ಅವ್ವ ಬೆಳಗಾಗುವುದರೊಳಗೆ ಹೇಗೆ ಹೋದಳು ಅಂತ. ಕಾಳಕ್ಕ ತಪ್ಪು ಔಷಧಿ ಕೊಟ್ಟಿರಬೇಕು ಅಂದೆ. ಪಕ್ಕದ ಮನೆಯ ಆ ಹೆಂಗಸು ಮೂರು ತಿಂಗಳು ಅವ್ವನ ಮೈ ಒರೆಸಿದವಳು. ಅವಳ ಮೇಲೆ ಅಪವಾದ ಬಂದರೂ ಸುಮ್ಮನಿದ್ದರೆ ನನ್ನ ಬಾಯಲ್ಲಿ ಹುಳ ಬೀಳುತ್ತೆ.

ಅವ್ವನ ಲಿವರ್ ಕೆಟ್ಟು ಮೂರು ತಿಂಗಳಾಗಿತ್ತು. ಮೈಯೆಲ್ಲ ಅರಿಶಿನ ಬಳಿದ ಹಾಗಿತ್ತು. ನೀನು ನೋಡಿದ ಕೆಂಪು ನಾನು ಹಚ್ಚಿದ್ದು.

‘ಸಿನಿಮಾದಲ್ಲಿ ಲೈಟು ಹಿಡಿಯೋಳು’ ಅಂತ ಭಾವನ ಮನೆಯವರ ಮುಂದೆ ನೀನು ನನ್ನನ್ನು ಆಡಿಕೊಂಡು ನಗುತ್ತಿದ್ದೆ. ಹಿಡಿಯುವುದೇನೂ ಇಲ್ಲ ಈಗ. ಚಾಪೆಯ ಹಾಗೆ ಸುತ್ತಿ ಬ್ಯಾಗಿಗೆ ಹಾಕುವ ಎಲ್‌ಇಡಿ ಲೈಟು ಬಂದಿದೆ, ಟವೆಲಿನಷ್ಟಗಲ, ಬಗ್ಗಿಸಿದ ಕಡೆ ಬಗ್ಗುತ್ತೆ. ಕಿಬ್ಬನಹಳ್ಳಿಯ ಕೊಬ್ಬರಿ ಗೋದಾಮಿನಲ್ಲಿ ಕಿರುಚಿತ್ರ ತೆಗೆದಾಗ ಸ್ಟ್ಯಾಂಡ್ ಇಡಲು ಜಾಗವಿರಲಿಲ್ಲ. ಇದನ್ನೇ ಗೋಡೆಗೆ ಅಂಟಿಸಿ, ಜ್ವರದಲ್ಲಿ ನರಳುತ್ತಿದ್ದ ನಾಯಕಿಯನ್ನು ಮದುವಣಗಿತ್ತಿ ಮಾಡಿದ್ದೆವು. ಅದೇ ಲೈಟನ್ನು ತಂದು ನಡುಮನೆಯಲ್ಲಿ ಕಾಯಿ ಅಟ್ಟದ ತೊಲೆಗೆ ಕಟ್ಟಿದೆ. ಮೊಬೈಲಿನಲ್ಲೇ ಬಣ್ಣ ತಿರುಗಿಸಬಹುದು. ಹಳದಿ ಹೋಗಲು ಚೂರು ನೀಲಿ, ಕೆನ್ನೆಗೆ ಚೂರು ಗುಲಾಬಿ. ಗಲ್ಲದ ಕುಳಿ ಕಾಣದಿರಲೆಂದು ಸೆರಗಿನ ಮರೆಯಲ್ಲಿ ಇನ್ನೊಂದು ಪುಟ್ಟದು. ಕಣ್ಣಿನ ಹಳದಿ ಮರೆಸಲು ಓದುವ ಕನ್ನಡಕ. ನೀನು ದಿನಾ ಸಂಜೆ ನಾಲ್ಕಕ್ಕೆ ವಿಡಿಯೋ ಕರೆ ಮಾಡುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತಿತ್ತು.

ಅವ್ವನೇ ಹೀಗೆ ಮಾಡು ಅಂದಳು. ಎರಡು ಬಸಿರು ಕಳೆದುಕೊಂಡವಳು ನೀನು, ಈ ಸಲ ಮಂಚ ಬಿಟ್ಟು ಇಳಿಯಕೂಡದು ಅಂತ ಡಾಕ್ಟರು ಹೇಳಿದ್ದರು. “ಅವ್ಳಿಗೆ ಗೊತ್ತಾದ್ರೆ ದಾವಣಗೆರೆಯಿಂದ ನಡ್ಕೊಂಡಾದ್ರೂ ಬತ್ತಾಳೆ ಕಣೇ” ಅಂದಳು. ನೀನು ಬಂದೇ ಬರುತ್ತಿದ್ದೆ. ಬಂದಿದ್ದರೆ ಈಗ ನಿನ್ನ ಮಗ್ಗುಲಲ್ಲಿರುವ ಕೂಸು ಇರುತ್ತಿರಲಿಲ್ಲವೇನೋ. ಹಾಗಂದುಕೊಂಡೇ ದಿನ ತಳ್ಳುತ್ತಿದ್ದೇನೆ. ಬಸುರಿ ಹೆಣ ನೋಡಬಾರದು ಅಂತ ಭಾವನ ಮನೆಯವರು ನಿನ್ನನ್ನು ಮಣ್ಣಿಗೂ ಕಳಿಸಲಿಲ್ಲ. ಹಾಗಾಗಿ ಅವ್ವನ ಮುಖ ಅಂತ ನಿನ್ನ ಹತ್ತಿರ ಉಳಿದಿರುವುದು ನಾನು ಮಾಡಿದ ಮುಖ ಒಂದೇ. ಅದಕ್ಕೆ ನನ್ನನ್ನು ಕ್ಷಮಿಸು ಅಂತ ಕೇಳಲು ನಾಲಿಗೆ ಏಳುವುದಿಲ್ಲ.

ಕಾಳಕ್ಕನಿಗೆ ಒಂದು ಫೋನ್ ಮಾಡು, ಪಾಪ. ನನಗೆ ಮಾಡಲೇಬೇಕೆಂದೇನೂ ಇಲ್ಲ. ಮಾಡಿ ಬೈದರೂ ಎತ್ತುತ್ತೇನೆ.

ನಿನ್ನ ತಂಗಿ
ಗಾನವಿ

ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು: ಅವ್ವನೇ ಹೇಳಿದಳು ಅಂದೆನಲ್ಲ, ಅದು ಕೊನೆಯ ದಿನದ ಮಟ್ಟಿಗೆ ಸುಳ್ಳು. ಅವತ್ತು ನಿನ್ನ ಕರೆಗೆ ಮುಂಚೆ ನನ್ನ ಕೈ ಹಿಡಿದು, “ಅದ್ನ ಆರ್ಸು. ನಾನು ಹೆಂಗಿದೀನೋ ಹಂಗೇ ಒಂದ್ಸಲ ನೋಡ್ಲಿ ಬುಡು” ಅಂದಳು. ನಿನ್ನ ಬಸಿರಿಗೆ ಹೆದರಿದೆ ಅಂತ ಹೇಳಬಹುದಿತ್ತು, ಆದರೆ ಅಷ್ಟರಲ್ಲಿ ನಿನಗೆ ಎಂಟು ತಿಂಗಳು ತುಂಬಿತ್ತು, ಈಗ ಹೆರಿಗೆಯಾದರೂ ಕೂಸು ಉಳಿಯುತ್ತೆ ಅಂತ ಡಾಕ್ಟರೇ ಹೇಳಿದ್ದರು. ನಿಜ ಏನೆಂದರೆ, ನಾನೂ ಎಷ್ಟೋ ದಿನದಿಂದ ಅವ್ವನನ್ನು ಮಂಚದ ಮೇಲೆ ನೋಡುವುದು ಬಿಟ್ಟು ಫೋನಿನ ಪರದೆಯಲ್ಲೇ ನೋಡುತ್ತಿದ್ದೆ. ಆರಿಸಿದರೆ ನಾನೂ ನೋಡಬೇಕಿತ್ತು. ನಿನ್ನ ಕರೆ ಬಂತು. ನಾನು ಆರಿಸಲಿಲ್ಲ.