ಅತ್ತಿ ಕೇಳಿದ ಕಾದಂಬರಿ

ಮಸ್ಕಿ, ಶ್ರಾವಣ ಮಂಗಳವಾರ

ಅಕ್ಕಗ ನೀಲವ್ವನ ಶರಣು.

ನೀ ಧಾರವಾಡದಿಂದ ಕಳಿಸಿದ ಎರಡೂ ಕಾದಂಬರಿ ಮುಗದಾವು. ಮೊದಲನೇದು ಬರೇ ಉಪದೇಶ, ಉಪ್ಪಿಲ್ಲದ ಸಾರು. ಎರಡನೇದು ಛಲೋ ಐತಿ, ಆದ್ರ ಬರದಾವಗ ಕರುಳಿಲ್ಲ. ಕಡೀಕ ಆ ಹುಡುಗೀನ್ನ ಹೊಳಿಗೆ ಹಾರಿಸಿ ಕೊಂದಾನ.

ಈ ನಿಜಾಮನ ಮೊಗಲಾಯಿ ಊರಾಗ ಕಾದಂಬರಿನೂ ಪುರಾಣಧಂಗ ಕೇಳತಾರ. ನಮ್ಮ ಅತ್ತಿಯವರಿಗೆ ಓದಾಕ ಬರೂದಿಲ್ಲ. ದಿನಾ ಪುಸ್ತಕಕ್ಕ ಕುಂಕುಮ ಹಚ್ಚಿ, ಓಣಿ ಹೆಂಗಸರನ್ನ ಕೂಡಿಸಿ ನನ್ನ ಕಡಿಂದ ಓದಿಸ್ತಾರ. ಕತಿ ಸಾವಿನಾಗ ಮುಗಿಸಿ ಪುಸ್ತಕ ಮುಚ್ಚಿದ್ರ ಮನಿಗೆ ಕೇಡಂತ, ಅದೂ ನಾ ಬಸುರಿ. ನಿನ್ನೆ ಹುಡುಗಿ ಹೊಳಿಗೆ ಬಿದ್ಲು, ಪುಸ್ತಕಾನೂ ಮುಗೀತು! ಕಣ್ಣು ಹಾಳಿ ಮ್ಯಾಲ ಇಟ್ಟು, ಅಂಬಿಗ ಆಕೀನ್ನ ದಂಡಿಗೆ ತಂದ, ಉಸರಾಡಿದ್ಲು, ಲಗ್ನಾನೂ ಆತು ಅಂತ ಕಟ್ಟಿ ಹೇಳಿಬಿಟ್ಟೆ. ಬಾಜೂ ಮನಿ ಕರೀಮಾಬಿ ಕಣ್ಣೊರಸಿಕೊಂಡ್ಲು. ಅತ್ತಿ ಪುಸ್ತಕಕ್ಕ ಆರತಿ ಬೆಳಗಿದ್ರು.

ಎಲ್ಲಾರೂ ಹೋದಮ್ಯಾಲ ಅತ್ತಿ ಮೆಲ್ಲಕ ಅಂದ್ರು: "ಹುಡುಗಿ ಹೊಳಿಗೆ ಬಿದ್ದಾಗಿಂದ ಲಗ್ನ ಆಗೂತನಕ ನೀ ಒಂದು ಹಾಳಿನೂ ತಿರುವಲಿಲ್ಲಲ್ಲವ್ವಾ. ಇರಲಿ, ಛಲೋ ಓದಿದಿ."

ನಾ ಆರಾಮ ಅದೀನಿ, ವಾಂತಿ ನಿಂತಾವು. ಟಪಾಲಿನವ ಬಾಗಲದಾಗ ನಿಂತಾನ. ಇನ್ನ ಮ್ಯಾಲ ಯಾರರೆ ಸಾಯೂ ಪುಸ್ತಕ ಕಳಿಸಿದ್ರೂ ನಡೀತೈತಿ.

ನೀಲವ್ವ