ಸೋತವನು ಊರು ಬಿಡಬೇಕು

ಡೋಥನ್, ಅಲಬಾಮಾ
೧೧ ಅಕ್ಟೋಬರ್ ೧೯೯೮, ಭಾನುವಾರ

ಅರ್ಲಿಸ್,

ನಾನು ಕ್ಷೇಮ. ಟ್ವೈಲಾ ಕ್ಷೇಮ, ಅವಳ ಮಗನೂ ಕ್ಷೇಮ. ನಿನ್ನ ಕ್ಷೇಮ ಕೇಳುವ ಅಗತ್ಯವೇ ಬೀಳಲಿಲ್ಲ. ಸೊಂಟ, ಮಂಡಿ, ಸಕ್ಕರೆ ಕಾಯಿಲೆ ಎಂದು ನೀನೇ ಮೂರು ಪುಟ ತುಂಬಿಸಿದ್ದೀಯ. ಇಪ್ಪತ್ತನಾಲ್ಕು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಕಾಗದ. ಓದುತ್ತ ನಿಂತು ಒಲೆಯ ಮೇಲೆ ಬೇಯುತ್ತಿದ್ದ ಕಡಲೆಕಾಯಿಯನ್ನು ಸೀಯಿಸಿಬಿಟ್ಟೆ. ಮನೆಯೆಲ್ಲ ಇನ್ನೂ ಅದೇ ವಾಸನೆ.

ಮುಂದಿನ ತಿಂಗಳು ಇಲ್ಲಿನ ದನದ ಹರಾಜಿನ ಶೆಡ್ಡಿನಲ್ಲಿ ಹಳೆಯ ಕುಸ್ತಿಯವರನ್ನೆಲ್ಲ ಕೂಡಿಸಿ ಸನ್ಮಾನ ಮಾಡುತ್ತಾರೆ, ನಿನಗೂ ಕರೆ ಬಂದಿದೆ ಎಂದು ಬರೆದಿದ್ದೀಯ. ಹೇಗೂ ಅಷ್ಟು ದೂರದ ಮಿನೆಸೋಟಾದಿಂದ ಬರುವವನು, ಹಿಂದಿನ ಕೋಣೆ ಖಾಲಿ ಇದ್ದರೆ ಅಲ್ಲೇ ಉಳಿದುಕೊಳ್ಳಲೇ ಎಂದು ಕೇಳಿದ್ದೀಯ. ಎಷ್ಟು ದಿನ ಎಂದು ಬರೆದಿಲ್ಲ. ಆದರೆ ಅಲ್ಲಿ ನಿನ್ನ ಜೊತೆಗಿದ್ದ ಹೆಂಗಸು ತೀರಿಕೊಂಡಳು, ಮನೆ ಭಣಗುಡುತ್ತಿದೆ ಎಂದು ಬರೆದಿದ್ದೀಯಲ್ಲ, ಆ ಸಾಲಿನಿಂದ ಎಷ್ಟು ದಿನ ಎಂಬುದು ಗೊತ್ತಾಯಿತು. ಟ್ವೈಲಾ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು ಎಂಬುದು ನಿನ್ನ ಆಸೆ. ಉತ್ತರ ಕೊಡುತ್ತೇನೆ. ಮೊದಲು ನಾನು ಹೇಳುವುದನ್ನು ಕೇಳು. ಜೀವಮಾನವೆಲ್ಲ ಮೈಕು ಹಿಡಿದು ಮಾತಾಡಿದವನು ನೀನು, ಈ ಒಂದು ಸಲ ಸುಮ್ಮನಿರು.

ಆ ಶನಿವಾರಗಳು ನನಗೂ ನೆನಪಾಗುತ್ತವೆ. ಇಲ್ಲ ಎಂದರೆ ಸುಳ್ಳಾದೀತು. ಮಧ್ಯಾಹ್ನ ಕುಸ್ತಿ ಶುರುವಾಯಿತೆಂದರೆ ಬೀದಿಯಲ್ಲಿ ನಾಯಿಯೂ ಸುಳಿಯುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡವನು ಹಾಗೆಯೇ ಟಿವಿ ಕಡೆ ತಿರುಗಿ ಕೂರುತ್ತಿದ್ದ. ಆ ಸ್ಟುಡಿಯೋ ಆದರೂ ಎಷ್ಟಿತ್ತು? ಹವಾಮಾನ ಹೇಳುವ ಹಲಗೆಯನ್ನು ಗೋಡೆಗೆ ನೂಕಿ, ಅಲ್ಲೇ ರಿಂಗ್ ಕಟ್ಟಿ, ನಾಲ್ಕು ಬೆಂಚು ಹಾಕಿದರೆ ಮುಗಿಯಿತು. ಒಕ್ಲಹೋಮಾದ ಗಣಿ ಕೂಲಿಯ ಮಗನಾದ ನೀನು, ನಾನು ಹೊಲಿದುಕೊಟ್ಟ ನೇರಳೆ ನಿಲುವಂಗಿ ತೊಟ್ಟು, ಡ್ಯೂಕ್ ಟಾಲಿವರ್ ಎಂಬ ಶ್ರೀಮಂತನಾಗಿ ಬಂದು, "ಏ ಕಡ್ಲೇಕಾಯಿ ತಿನ್ನೋ ಗಮಾರ್‌ಗಳಾ, ನಿಮ್ಮೂರಿನ ನೀರು ಕುಡಿದ್ರೆ ನನ್ನ ಹಲ್ಲು ಮಾಸ್ತವೆ ಕಣ್ರೋ!" ಎನ್ನುತ್ತಿದ್ದೆ. ಆಮೇಲೆ ಮನೆಗೆ ಬಂದು ಅದೇ ಕಡಲೆಕಾಯಿಯನ್ನು ಬಟ್ಟಲುಗಟ್ಟಲೆ ತಿಂದು ಮಲಗುತ್ತಿದ್ದೆ.

ಬೈಸಿಕೊಳ್ಳುತ್ತಿದ್ದವಳು ನಾನು. ನಮ್ಮ ಕಾರಿನ ಟೈರು ಎಷ್ಟು ಸಲ ಕೊಯ್ದರೋ ಲೆಕ್ಕವಿಟ್ಟಿಲ್ಲ. ಪಕ್ಕದ ಮನೆಯ ನೆಲ್ಡಾ ದಿನಸಿ ಅಂಗಡಿಯಲ್ಲಿ ಎಲ್ಲರೆದುರು, "ಅಲ್ವೇ ವೀಡಾ, ನೋಡಿದ್ರೆ ಮರ್ಯಾದಸ್ತರ ಮನೆ ಹುಡುಗಿ ಥರ ಇದೀಯ. ಆ ಕೇಡೀನ ಕಟ್ಕೊಂಡು ಹೆಂಗೇ ಸಂಸಾರ ಮಾಡ್ತೀಯ?" ಎಂದಿದ್ದಳು. ಗೆಲ್ಲುವುದು ಸೋಲುವುದೆಲ್ಲ ನಿಜವೇ ಎಂದು ನಾನು ಕೇಳಿದರೆ ನೀನು, "ನಮ್ಮ ಕಸುಬಿನ ಮಾತು ಮನೇಲಿ ಬೇಡ" ಎನ್ನುತ್ತಿದ್ದೆ. ಗೆಲ್ಲುವವನು, ಸೋಲುವವನು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ ಎಂಬುದನ್ನು ನೀನು ಹೆಂಡತಿಗೂ ಒಪ್ಪಿಕೊಳ್ಳಲಿಲ್ಲ. ಟಿವಿಯಲ್ಲಿ ನಿನ್ನ ಪರಮಶತ್ರುವಾಗಿದ್ದ ಬಕ್ ಲೆಡ್‌ಬೆಟರ್ ನಿನ್ನ ಜೀವದ ಗೆಳೆಯ, ನಿಮ್ಮಿಬ್ಬರದೂ ಒಂದೇ ಕಾರು, ಊರು ಹತ್ತಿರ ಬಂದಾಗ ಅವನು ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗುತ್ತಿದ್ದ ಎಂಬುದೆಲ್ಲ ಈಚೆಗೆ ಬಕ್ ಹೇಳಿಯೇ ನನಗೆ ತಿಳಿದದ್ದು. ಈಗ ಅವನ ಬಾಯಿಗೆ ಬೀಗವೇ ಇಲ್ಲ. ಗುಟ್ಟು ಕಾಯುವ ಕಸುಬೇ ಹೋದ ಮೇಲೆ ಗುಟ್ಟು ಯಾಕೆ ಎನ್ನುತ್ತಾನೆ.

ಎಪ್ಪತ್ತನಾಲ್ಕರ ಆ ಜೂನ್ ಶನಿವಾರಕ್ಕೆ ಬರುತ್ತೇನೆ. ಡ್ಯೂಕ್‌ಗೂ ಬಕ್‌ಗೂ ಕೊನೆಯ ಪಂದ್ಯ, ಸೋತವನು ಒಂದು ವರ್ಷ ಊರು ಬಿಡಬೇಕು ಎಂದು ಕಂಬಕಂಬಕ್ಕೂ ಕಾಗದ ಅಂಟಿಸಿದ್ದರು. ಏಳು ವರ್ಷದ ಟ್ವೈಲಾ ಟೊಮೇಟೊ ಸ್ಯಾಂಡ್‌ವಿಚ್ ಹಿಡಿದು ಟಿವಿಯ ಮುಂದೆ ಕೂತಿದ್ದಳು. ಇಡೀ ಊರಿನಲ್ಲಿ ಡ್ಯೂಕ್ ಗೆಲ್ಲಲಿ ಎಂದು ಹಾರೈಸುತ್ತಿದ್ದ ಮಗು ಅವಳೊಬ್ಬಳೇ. ಬಕ್ ನಿನ್ನನ್ನು ಚಿತ್ ಮಾಡಿ ಎದೆಯ ಮೇಲೆ ಬಿದ್ದಾಗ, "ಏಳಪ್ಪಾ, ಏಳು!" ಎಂದು ಟಿವಿಯ ಗಾಜು ಬಡಿದಳು. ನೀನು ಏಳಲಿಲ್ಲ. ಕುಸ್ತಿ ನಡೆಸುತ್ತಿದ್ದ ಹೋಯ್ಟ್ ಮಕ್‌ಲೆಂಡನ್ ಹ್ಯಾಟು ತೆಗೆದು, ಸೂರ್ಯ ಮುಳುಗುವುದರೊಳಗೆ ನೀನು ಈ ಸೀಮೆ ದಾಟಬೇಕು ಎಂದು ಓದಿ ಹೇಳಿದ. ನೀನು ಸ್ಟುಡಿಯೋದಿಂದಲೇ ಹೊರಟುಹೋದೆ. ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿ, "ಹೋಯ್ಟ್ ಬಿಡಲ್ಲ ಅಂತಾನೆ ವೀಡಾ. ಒಂದೇ ಒಂದ್ ವರ್ಷ. ಮಾತು ಅಂದ್ಮೇಲೆ ಮಾತು" ಎಂದೆ.

ಮರುದಿನ ನಮ್ಮ ಬಾಗಿಲಿಗೆ ಸಾವಿನ ಮನೆಗೆ ಬಂದಂತೆ ಜನ ಬಂದರು. ಟೈರು ಕೊಯ್ದವರೇ ಅಂಗಳದ ಹುಲ್ಲು ಕತ್ತರಿಸಿದರು. ನೆಲ್ಡಾ ಕೋಳಿ ಕಡುಬು ತಂದು ಮೇಜಿನ ಮೇಲಿಟ್ಟು, "ಸೋತಿದ್ದು ಅವನು ಕಣೇ, ನೀನಲ್ಲ. ನಿನ್ನನ್ನ ಯಾರೂ ಊರು ಬಿಡು ಅಂದಿಲ್ಲ" ಎಂದು ಅತ್ತಳು. ಚರ್ಚಿನಲ್ಲಿ ನಮಗಾಗಿ ಪ್ರಾರ್ಥನೆಯಾಯಿತು. ಡ್ಯೂಕ್ ಟಾಲಿವರ್ ನರಕಕ್ಕೆ ಹೋಗಲಿ ಎಂದು ಬೇಡಿಕೊಂಡ ಜನವೇ ಅವನು ಬೇಗ ಬರಲಿ ಎಂದು ಬೇಡಿಕೊಂಡರು.

ವರ್ಷ ತುಂಬಿದ ದಿನ ಟ್ವೈಲಾ ಚರ್ಚಿನ ಫ್ರಾಕು ಹಾಕಿಕೊಂಡು ಕಿಟಕಿಯಲ್ಲಿ ಕೂತಳು. ಅಲ್ಲೇ ನಿದ್ದೆಹೋದಳು. ವಾರ ಕಾದು, ಅವಳ ಕೈ ಹಿಡಿದುಕೊಂಡು ಹೋಯ್ಟ್‌ನ ಆಫೀಸಿಗೆ ಹೋದೆ. "ವರ್ಷ ಆಯ್ತು, ನನ್ನ ಗಂಡನ್ನ ಬರಕ್ಕೆ ಬಿಡಿ" ಎಂದೆ. ಅವನು ನನ್ನನ್ನು ನೋಡಿದ, ಮಗುವನ್ನು ನೋಡಿದ. ಆಮೇಲೆ, "ಆಗಲ್ಲ ತಾಯಿ. ಕುಸ್ತಿ ಮಂಡಳಿಯವ್ರು ಬಹಿಷ್ಕಾರ ಮುಂದುವರಿಸಿದಾರೆ" ಎಂದ. ನಿನ್ನ ಮನೆ ಹಾಳಾಗಿಹೋಗಲಿ ಎಂದು ಬಾಯಿಗೆ ಬಂದಂತೆ ಬೈದೆ. "ಬೈಯಮ್ಮ. ಬೈಸ್ಕೊಳ್ಳೋದು ನ್ಯಾಯವೇ" ಎಂದು ತಲೆ ತಗ್ಗಿಸಿ ಕೂತ. ಮುಂದೆ ಅವನು ಕುಸ್ತಿ ನಡೆಸುತ್ತಿದ್ದ ಆ ಹರಾಜಿನ ಶೆಡ್ಡಿನ ಬಾಗಿಲಲ್ಲಿ ಬೇಯಿಸಿದ ಕಡಲೆಕಾಯಿ ಮಾರಲು ನನಗೆ ಜಾಗ ಕೊಟ್ಟವನೂ ಅವನೇ. ಅವನ ಬಾಗಿಲಲ್ಲೇ ನಿಂತು ಸಂಸಾರ ನಡೆಸಿದೆ, ಅವನು ಎದುರಾದಾಗ ಮುಖ ತಿರುಗಿಸಿದೆ.

ಆಗ ಒಂದು ಸೀಮೆಯ ಟಿವಿ ಇನ್ನೊಂದು ಸೀಮೆಗೆ ಕಾಣುತ್ತಿರಲಿಲ್ಲ. ನಿನ್ನಂಥವರಿಗೆ ಅದೊಂದು ಅನುಕೂಲ. ಇಲ್ಲಿ ಸೋತು ಹೋದವನು ಅಲ್ಲಿ ಬೇರೆ ಹೆಸರು, ಬೇರೆ ಬಣ್ಣದ ಕೂದಲು, ಬೇರೆ ಮನೆ ಮಾಡಿಕೊಂಡರೆ ಯಾರಿಗೆ ಗೊತ್ತಾಗಬೇಕು? ಆಮೇಲೆ ನೆಲ್ಡಾಳ ಅಂಗಳಕ್ಕೆ ದೊಡ್ಡ ಡಿಶ್ ಬಂತು, ದೇಶಕ್ಕೆಲ್ಲ ಒಂದೇ ಕುಸ್ತಿಯಾಯಿತು. ಅವಳ ಮನೆಯಲ್ಲಿ ಕೂತಿದ್ದಾಗ ಮುಖವಾಡ ಹಾಕಿದ ಒಬ್ಬ ದಪ್ಪ ಹೊಟ್ಟೆಯವನು ಬಂದ. ರಿಂಗಿಗೆ ಇಳಿಯುವ ಮೊದಲು ಅಂಚಿನ ಮೇಲೆ ಎಡಗಾಲು ಒಮ್ಮೆ, ಬಲಗಾಲು ಎರಡು ಸಲ ಒರೆಸಿದ. ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನೀನು ಒರೆಸುತ್ತಿದ್ದಂತೆಯೇ. ಯಾರೋ ಹುಡುಗ ಎತ್ತಿ ಒಗೆದ, ಅಲ್ಲಿಗೆ ಮುಗಿಯಿತು. ನೆಲ್ಡಾ, "ಪಾಪ, ಯಾವುದೋ ಮುದಿಗೂಳಿ. ವಯಸ್ಸಾದ್ಮೇಲೆ ಮನೇಲಿ ಬಿದ್ದಿರಬಾರ್ದಾ?" ಎಂದಳು. ಆವತ್ತು ನಿನ್ನ ಮೇಲೆ ಕನಿಕರ ಬಂತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮರುವರ್ಷವೇ ಹೋಯ್ಟ್‌ನ ಕುಸ್ತಿ ನಿಂತುಹೋಯಿತು. "ಇನ್ನು ಅಪ್ಪ ಬರಬಹುದಲ್ಲಮ್ಮ? ತಡೆಯೋಕೆ ಯಾರಿದಾರೆ?" ಎಂದು ಟ್ವೈಲಾ ಕೇಳಿದಳು. ನಾಚಿಕೆ ಇರಬೇಕು ಎಂದೆ. ಯಾರ ನಾಚಿಕೆ ಎಂದು ಅವಳು ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಹೋಯ್ಟ್ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅವನ ಹೆಂಡತಿ ಕ್ಲೀಟಾ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿಕೊಂಡಳು. "ಇನ್ನು ಈ ಗುಟ್ಟನ್ನ ನನ್ನ ಕೈಲಿ ಇಟ್ಕೊಳ್ಳಕ್ಕೆ ಆಗಲ್ಲ ವೀಡಾ. ಆ ಪಂದ್ಯ ಬೇಕು ಅಂತ ಕೇಳ್ಕೊಂಡು ಬಂದವನು ನಿನ್ನ ಗಂಡನೇ. ಇದೇ ಮೇಜಿನ ಮುಂದೆ ಕೂತಿದ್ದ. 'ನಾನು ಮನೆಯಿಂದ ಹೊರಗೆ ಬೀಳ್ಬೇಕು ಹೋಯ್ಟ್, ಆದ್ರೆ ಬಿಟ್ಟು ಓಡ್ಹೋದ ಅನ್ನಿಸ್ಕೋಬಾರ್ದು. ಮಗು ಕಣ್ಣೆದುರಿಗೇ ನೀನು ನನ್ನ ಓಡಿಸಿಬಿಡು' ಅಂದ. ನಮ್ಮೋರು ಬೇಡ ಅಂದ್ರು, ಕೇಳ್ಲಿಲ್ಲ. ನೀನು ಬಂದು ಬೈದು ಹೋದೆ ನೋಡು, ಆವತ್ತು ಅವರು ಊಟ ಮುಟ್ಲಿಲ್ಲ. 'ಗಂಡನಿಗೆ ಬೇಡವಾದೆ ಅಂತ ಆ ಹೆಣ್ಣುಮಗಳು ತಿಳ್ಕೊಳೋದಕ್ಕಿಂತ, ನಾನು ಕೆಟ್ಟೋನು ಅಂತ ತಿಳ್ಕೊಳ್ಲಿ ಬಿಡು' ಅಂದ್ರು" ಎಂದಳು. ಕೇಳಿ ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಸ್ಮಶಾನಕ್ಕೆ ಮತ್ತೆ ಹೋಗಿ ಹೊಸ ಮಣ್ಣಿನ ಮುಂದೆ ನಿಂತೆ. ಕ್ಷಮಿಸು ಎನ್ನಲು ತಡವಾಗಿತ್ತು, ಆದರೂ ಅಂದೆ. ನೀನು ಸಂಬಳಕ್ಕೆ ಖಳನಾಗಿದ್ದೆ ಅರ್ಲಿಸ್. ಆ ಮನುಷ್ಯ ಸಾಯುವವರೆಗೂ ಬಿಟ್ಟಿಯಾಗಿ ನನಗೊಬ್ಬಳಿಗೆ ಖಳನಾದ.

ಟ್ವೈಲಾಗೆ ಇದು ಗೊತ್ತಿಲ್ಲ. ಪಂದ್ಯವೆಲ್ಲ ಹೋಯ್ಟ್ ಗೊತ್ತುಮಾಡುತ್ತಿದ್ದ ಎಂಬುದು ಈಗ ಅವಳಿಗೆ ತಿಳಿದಿದೆ, ಅದರಿಂದ ತಪ್ಪೆಲ್ಲ ಇನ್ನಷ್ಟು ಸಲೀಸಾಗಿ ಹೋಯ್ಟ್‌ನ ಮೇಲೆ ಕೂತಿದೆ. ಮಗನಿಗೆ, "ನಿನ್ನಜ್ಜ ಹೊಟ್ಟೆಪಾಡಿಗೆ ಸೋತ ಕಣೋ. ಹೋಗು ಅಂದ್ರು, ಹೋದ. ಮನಸ್ಸೆಲ್ಲ ಇಲ್ಲೇ ಇತ್ತು" ಎನ್ನುತ್ತಾಳೆ. ಸನ್ಮಾನದವರು ಆ ಪಂದ್ಯದ ಟೇಪು ಹುಡುಕಿಕೊಂಡು ಟಿವಿಯವರ ಬಳಿ ಹೋಗಿದ್ದರು. ಆಗಿನ ಟೇಪುಗಳನ್ನೆಲ್ಲ ಅಳಿಸಿ, ಅದರ ಮೇಲೆ ಬೆಳೆಯ ಬೆಲೆ ಹೇಳುವ ಕಾರ್ಯಕ್ರಮ ತುಂಬಿದರಂತೆ. ಟ್ವೈಲಾ ಅತ್ತಳು. ನನಗೆ ನೆಮ್ಮದಿಯಾಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಪಂದ್ಯ ನೀನೇ ಕೇಳಿ ಪಡೆದದ್ದು ಎಂಬುದು ಬಕ್‌ಗೂ ಗೊತ್ತಿದೆ. ಸಭೆಯಲ್ಲಿ ಆ ಸಂಗತಿ ಎತ್ತಬೇಡ ಎಂದು ಅವನನ್ನು ಕೇಳಿಕೊಂಡೆ. "ಅವನು ಬರದಿದ್ರೆ ಅವನ ಹೆಸರೇ ಎತ್ತಲ್ಲ, ಸರೀನಾ? ಆದ್ರೆ ಪಕ್ಕದಲ್ಲಿ ಬಂದು ನಿಂತ್ನೋ, ಜನ ಆ ಪಂದ್ಯದ ಕಥೆ ಕೇಳ್ದೇ ಬಿಡಲ್ಲ. ಆಗ ನನ್ನ ನಾಲಿಗೆ ನನ್ನ ಮಾತೇ ಕೇಳಲ್ಲ ವೀಡಾ" ಎಂದ. ಪ್ರಾಮಾಣಿಕವಾಗಿಯೇ ಹೇಳಿದ. ಜನರನ್ನು ನಗಿಸಲು ಅವನು ಹೇಳುವ ಕಥೆಯನ್ನು ನನ್ನ ಮಗಳು ಮುಂದಿನ ಸಾಲಿನಲ್ಲಿ ಕೂತು, ಮಗನ ಕೈ ಹಿಡಿದುಕೊಂಡು ಕೇಳುವುದು ನನಗೆ ಬೇಡ.

ಹಿಂದಿನ ಕೋಣೆ ಖಾಲಿ ಇದೆ, ಸುಳ್ಳು ಹೇಳುವುದಿಲ್ಲ. ಮಂಚವೂ ಇದೆ. ಸಂಜೆಯಾದರೆ ನನಗೂ ಈ ಮನೆ ಭಣಗುಡುತ್ತದೆ. ಆದರೂ ನೀನು ಬರಬೇಡ. ಅಂದು ನಾನು ಬಹಿಷ್ಕಾರ ತೆಗೆಯಿರಿ ಎಂದು ಬೇಡಿಕೊಂಡೆ. ಈಗ ತೆಗೆಯಲು ಹೋಯ್ಟ್ ಇಲ್ಲ, ಅದು ನನ್ನ ಕೈಗೆ ಬಂದಿದೆ, ನಾನು ಮುಂದುವರಿಸುತ್ತಿದ್ದೇನೆ. ಟ್ವೈಲಾಗೆ ಒಂದು ಕಾಗದ ಬರೆ. ಸೊಂಟ ಬಿಡುತ್ತಿಲ್ಲ, ಅಂದು ಹೋಯ್ಟ್ ಬಿಡಲಿಲ್ಲ ಎಂದು ಬರೆ. ಚೆನ್ನಾಗಿ ಬರೆ. ನಂಬಿಸುವುದು ನಿನಗೆ ಬರುತ್ತದೆ.

ಸಕ್ಕರೆ ಜಾಸ್ತಿ ತಿನ್ನಬೇಡ.

ಇಂತಿ,
ವೀಡಾ ಪೆಟಸ್

ಮರೆತ ಮಾತು: ಕ್ಲೀಟಾ ಹೇಳಿದಾಗ ನೆಲ ಕುಸಿಯಿತು ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಶನಿವಾರ ನೀನು ಸ್ಟುಡಿಯೋಗೆ ಹೊರಟ ಮೇಲೆ ಟ್ವೈಲಾಳ ಫ್ರಾಕು ತೆಗೆಯಲು ಬೀರು ತೆರೆದೆ. ನಿನ್ನ ಉಣ್ಣೆಯ ಕೋಟು ಅಲ್ಲಿರಲಿಲ್ಲ. ಅಲಬಾಮಾದ ಜೂನ್ ಸೆಕೆಯಲ್ಲಿ, ಗೆದ್ದು ರಾತ್ರಿ ಊಟಕ್ಕೆ ಮನೆಗೆ ಬರುವವನು ಉಣ್ಣೆಯ ಕೋಟು ತೆಗೆದುಕೊಂಡು ಹೋಗುವುದಿಲ್ಲ. ಬೀರು ಮುಚ್ಚಿ ಬಂದು ಅವಳ ಪಕ್ಕದಲ್ಲಿ ಕೂತೆ. "ಏಳು ಅರ್ಲಿಸ್, ಏಳು!" ಎಂದು ಅವಳಿಗಿಂತ ಜೋರಾಗಿ ಕೂಗಿದವಳು ನಾನೇ.