ಖಾಲಿ ಕೆಂಪು ಡಬ್ಬಿ

ಮಾರ್ಚ್ 3, ಸೋಮವಾರ
ಕಾರ್ಖಾನೆಯಲ್ಲಿ ಬೆಳಿಗ್ಗೆಯಿಂದ ಕಬ್ಬಿಣದ ಹುಕ್ಕುಗಳಿಗೆ ಬಣ್ಣದ ದ್ರಾವಣ ಹಚ್ಚಿ ಒರೆಸಿದ್ದೇ ಆಯಿತು. ಬಿರುಕಿದ್ದರೆ ಕೆಂಪು ಗೆರೆ ನಿಲ್ಲುತ್ತದೆ. ಬರಿಗಣ್ಣಿಗೆ ಏನೂ ಕಾಣದು. ಗೆರೆ ನಿಂತದ್ದೆಲ್ಲ ಕೆಂಪು ಡಬ್ಬಿಗೆ. ಇವತ್ತು ಅರ್ಧ ಡಬ್ಬಿ... ಕುಲುಮೆಯ ಶಾಖ ಮತ್ತೆ ಹದ ತಪ್ಪಿರಬೇಕು. ಹೋದ ವರ್ಷ ಹೀಗಾದಾಗ ನಿಯಮದಂತೆ ಕಾರಣ ಹುಡುಕಿ ಶಾಖದ ಮೀಟರ್ ಬದಲಾಯಿಸಿದೆವು, ಗಿರಾಕಿಗಳ ದೂರು ನಿಂತಿತು. ಕ್ವಾಲಿಟಿ ಸ್ಟ್ಯಾಂಡರ್ಡ್ ಅಂದರೆ ತಲೆನೋವು ಅಂತ ಗೊಣಗುತ್ತಿದ್ದವಳು ಅಂದಿನಿಂದ ಗೊಣಗಿಲ್ಲ.

ರಾತ್ರಿ ಊಟಕ್ಕೆ ಅಣ್ಣ ಗೆಳೆಯ ಗಿಡ್ಡನನ್ನು ಮನೆಗೆ ಕರೆತಂದ. ಆರಡಿ ಆಳು; ಹೆಸರಿಟ್ಟಿದ್ದು ಅಣ್ಣನೇ. ಇಬ್ಬರೂ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡುತ್ತಾ ಬಣ್ಣ ಬಳಿಯುವವರು. ಹಗ್ಗಕ್ಕೂ ಸೊಂಟದ ಬೆಲ್ಟಿಗೂ ನಡುವೆ ಇರುವುದು ನಮ್ಮ ಕಾರ್ಖಾನೆಯ ಹುಕ್ಕು.
"ನಿನ್ನ ನಂಬ್ಕೊಂಡೇ ನೇತಾಡ್ತೀವಿ, ತಂಗಿ," ಅಂದ ಗಿಡ್ಡ, ಬಾಯ್ತುಂಬ ಅನ್ನ ಇಟ್ಟುಕೊಂಡು.

ಮಾರ್ಚ್ 5, ಬುಧವಾರ
ನಾಳೆ ಕ್ವಾಲಿಟಿ ಆಡಿಟ್. ನೆಲ ಫಳಫಳ. ಸಂಜೆ ಮ್ಯಾನೇಜರ್ ಕೆಂಪು ಡಬ್ಬಿ ನೋಡಿ ಮುಖ ಗಂಟಿಕ್ಕಿದರು.
"ಮದುವೆ ಮನೇಲಿ ಕಸದ ಬುಟ್ಟಿ ಬಾಗಿಲಿಗೆ ಇಡ್ತಾರೇನಮ್ಮಾ? ಖಾಲಿ ಮಾಡಿಸು."
"ಸರ್, ನಮ್ಮಲ್ಲಿ ಗುರುತು ಇರೋದು ಡಬ್ಬಿಗೆ, ಹುಕ್ಕಿಗಲ್ಲ. ಹೊರಗೆ ಹಾಕಿದ್ರೆ ಯಾವುದು ಕೆಟ್ಟದ್ದು ಅಂತ ಯಾರಿಗೂ ಗೊತ್ತಾಗಲ್ಲ."
"ಒಂದು ದಿನದ ಮಾತು."
ರಟ್ಟಿನ ಪೆಟ್ಟಿಗೆಗೆ ಸುರಿಸಿ ಗೋದಾಮಿನ ಮೂಲೆಗೆ ತಳ್ಳಿಸಿದೆ. ಮೇಲೆ 'ರಿಜೆಕ್ಟ್' ಅಂತ ಬರೆಯಲು ಮಾರ್ಕರ್ ತೆಗೆದರೆ ಅದೂ ಬೇಡವಂತೆ, ಆಡಿಟರ್ ಅಲ್ಲಿಗೂ ಇಣುಕಿದರೆ ಕಷ್ಟವಂತೆ. ಬರೆಯಲಿಲ್ಲ.

ಮಾರ್ಚ್ 6, ಗುರುವಾರ
ಆಡಿಟರ್ ನರೆಗೂದಲಿನ ಹೆಂಗಸು. ಖಾಲಿ ಡಬ್ಬಿಯೊಳಗೆ ಬಗ್ಗಿ ನೋಡಿದರು.
"ತಪ್ಪೇ ಆಗಲ್ವಾ ನಿಮ್ಮಲ್ಲಿ? ತಪ್ಪು ಸಿಕ್ರೆ ಬೇರೆ ಇಡಿ, ಗುರುತು ಹಾಕಿ, ಯಾಕಾಯ್ತು ಅಂತ ಹುಡುಕಿ. ಸ್ಟ್ಯಾಂಡರ್ಡ್ ಕೇಳೋದು ಇಷ್ಟೇ. ಖಾಲಿ ಡಬ್ಬಿ ತೋರ್ಸಿ ಅಂತ ಎಲ್ಲೂ ಕೇಳಲ್ಲ."
ನನ್ನ ಮುಖವನ್ನೇ ನೋಡಿದರು. ಪಕ್ಕದಲ್ಲಿ ಮ್ಯಾನೇಜರ್.
"ಕೆಟ್ಟದ್ದೆಲ್ಲ ನಿನ್ನೆನೇ ಗುಜರಿಗೆ ಹೋಯ್ತು, ಮೇಡಂ," ಅಂದೆ.
ಪಾಸ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ಮಾರ್ಚ್ 10, ಸೋಮವಾರ
ಗೋದಾಮಿನ ಮೂಲೆಯಲ್ಲಿ ಪೆಟ್ಟಿಗೆ ಇಲ್ಲ.
ಪ್ಯಾಕಿಂಗ್ ಅಕ್ಕ ಹೇಳಿದಳು: "ಅರ್ಜೆಂಟ್ ಆರ್ಡರಿಗೆ ಮಾಲು ಕಮ್ಮಿ ಬಿತ್ತು. ಅದನ್ನೂ ಸೇರಿಸಿ ಕಳಿಸ್ದೆ. ಯಾಕೆ, ಏನಾಯ್ತು?"
ಹೋಗಿರುವುದು ಅಣ್ಣನ ಕಂಟ್ರಾಕ್ಟರಿಗೆ. ಮ್ಯಾನೇಜರ್ ಹತ್ತಿರ ಓಡಿದೆ.
"ಪಾಸಾಗಿ ವಾರ ಆಗಿಲ್ಲ. ಈಗ ಮಾಲು ವಾಪಸ್ ತರಿಸಿದ್ರೆ ಮಾನ ಹರಾಜು. ಸದ್ದಿಲ್ದೆ ಬದಲಾಯಿಸೋಣ. ನಾನು ನೋಡ್ಕೋತೀನಿ. ನೀನು ಬಾಯಿ ಬಿಡ್ಬೇಡ, ನೂರು ಜನರ ಅನ್ನದ ಪ್ರಶ್ನೆ."

ಮಾರ್ಚ್ 12, ಬುಧವಾರ
ಅಣ್ಣನಿಗೆ ಇವತ್ತು ರಜೆ. ಕಂಟ್ರಾಕ್ಟರ್ ಅವನಿಗೆ ಕೊಟ್ಟಿದ್ದ ಹೊಸ ಹುಕ್ಕನ್ನು ಕಾರ್ಖಾನೆಗೆ ಒಯ್ದು ದ್ರಾವಣ ಹಚ್ಚಿದೆ. ಬಾಗಿದ ಕಡೆ ಕೆಂಪು ಗೆರೆ. ಬೇರೊಂದನ್ನು ಪರೀಕ್ಷಿಸಿ ತಂದು ಅವನ ಬೆಲ್ಟಿಗೆ ಹಾಕಿದೆ.
"ಮೊದ್ಲಿನದಕ್ಕೇನಾಗಿತ್ತು?"
"ತುಕ್ಕು ಹಿಡಿದಿತ್ತು."
"ಹೊಸ ಹುಕ್ಕಿಗೆ ತುಕ್ಕಾ? ಭಲೇ ಕಂಪನಿ ಬಿಡು ನಿಂದು."
ಗಿಡ್ಡನದು? ಸೋಮವಾರ ಮ್ಯಾನೇಜರ್ ಎಲ್ಲರದ್ದೂ ಬದಲಾಯಿಸುತ್ತಾರಂತೆ. ಸೋಮವಾರ ಏನು ದೂರ...

ಮಾರ್ಚ್ 17, ಸೋಮವಾರ
ಆಗಲಿಲ್ಲ. ಮುಂದಿನ ವಾರವಂತೆ. ಬಾಯಿಗೆ ಬೀಗ ಹಾಕಿಕೊಂಡೇ ಇದ್ದೇನೆ.

ಮಾರ್ಚ್ 26, ಬುಧವಾರ
ಗಿಡ್ಡ ಬಿದ್ದ. ಒಂಬತ್ತನೇ ಮಹಡಿಯಿಂದ.

ಮಾರ್ಚ್ 27, ಸಂಜೆ
ಗಿಡ್ಡನನ್ನು ಮಣ್ಣು ಮಾಡಿ ಅಣ್ಣ ಬಂದ. ನೀರೂ ಮುಟ್ಟಲಿಲ್ಲ. ಬೆಲ್ಟ್ ಬಿಚ್ಚಿ ಮೇಜಿನ ಮೇಲಿಟ್ಟು ಹುಕ್ಕನ್ನು ಬೆರಳಿನಲ್ಲಿ ಹೊರಳಿಸುತ್ತಾ ಕೂತ.
"ಅವನದು ಬಾಗಿದ ಕಡೆನೇ ಮುರಿದಿತ್ತು. ನನ್ನದೊಂದೇ ಯಾಕೆ ಬದಲಾಯಿಸ್ದೆ?"
ಅವನ ಮುಂದಿದ್ದ ನೀರಿನ ಲೋಟ ಎತ್ತಿಕೊಂಡೆ.
"ಗೊತ್ತಿತ್ತಾ ನಿನಗೆ?"
ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನಾಚಿಕೆಯಾಗುತ್ತಿದೆ. ಅಣ್ಣ ಬದುಕಿದ್ದಾನಲ್ಲ ಅಂತ ಒಳಗೊಳಗೇ ಸಮಾಧಾನವೂ ಆಗುತ್ತಿದೆ, ಅದಕ್ಕೆ ಇನ್ನೂ ನಾಚಿಕೆ. ಕಂಟ್ರಾಕ್ಟರ್ ಇನ್ನೊಂದು ಕಟ್ಟಡದ ಕೆಲಸ ನಿಲ್ಲಿಸಿಲ್ಲ. ಅಲ್ಲಿಯವರ ಸೊಂಟದಲ್ಲಿ ಅದೇ ಪೆಟ್ಟಿಗೆಯ ಹುಕ್ಕುಗಳು. ಬೆಳಗಾದರೆ ಹತ್ತುತ್ತಾರೆ. ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ. ಕಂಟ್ರಾಕ್ಟರ್ ನಂಬರ್ ಇರುವುದು ಅಣ್ಣನ ಫೋನಿನಲ್ಲಿ. ಕೇಳಿದರೆ ಯಾಕೆ ಅನ್ನುತ್ತಾನೆ. ಹೇಳಬೇಕು.
ಬಾಗಿಲ ಆಚೆ ಇನ್ನೂ ಕೂತಿದ್ದಾನೆ. ಹುಕ್ಕು ಮೇಜಿಗೆ ತಾಗುವ ಸದ್ದು ಕೇಳುತ್ತಿದೆ. ಎದ್ದು ಹೋಗಿ, ಅಣ್ಣಾ, ಗೊತ್ತಿತ್ತು, ಅಂತ ಹೇಳಿ ನಂಬರ್ ಕೇಳುತ್ತೇನೆ.